ಹನ್ನೊಂದಕ್ಕೇ ರಿಟೈರಾದ ನನ್ನ ಹೆಂಡತಿ

ನಾನು ಅರವತ್ತಕ್ಕೆ ರಿಟೈರಾದೆ. ನನ್ನ ಹೆಂಡತಿ ಹನ್ನೊಂದಕ್ಕೇ ಆಗಿದ್ದಳು! ಹೀಗಿರುವಾಗ ನಮ್ಮ ಮನೆಯಲ್ಲಿ ಹಿರಿತನ ಯಾರದು ಎಂದು ಬಾಯಿಬಿಟ್ಟು ಹೇಳಬೇಕೆ? ತೇರದಾಳದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಮಕ್ಕಳು ಚಪ್ಪಾಳೆ ತಟ್ಟಿದ್ದು ಒಂದೇ ಸಲ, ನಾಳೆಯಿಂದ ಒಂದು ವಾರ ರಜೆ ಹಾಕುತ್ತೇನೆ ಎಂದಾಗ. ಆಕೆಗೋ ಏಳು ತುಂಬುವುದರೊಳಗೆ ಬೀಳಗಿ, ಮುಧೋಳ, ಜಮಖಂಡಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರಂತೆ. ಯಾರು ಹೇಳಿದರು ಅಂತೀರಾ? ಆಕೆಯೇ.

ಮುಧೋಳದ ನಮ್ಮ ಮಾವ ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ಪೇಟಿ ಬಾರಿಸುತ್ತಿದ್ದರು. ತಾಯಿ ಇಲ್ಲದ ಮಗಳು ಆ ಹಾರ್ಮೋನಿಯಂ ಪಕ್ಕದಲ್ಲೇ ಮಲಗಿ, ಅಲ್ಲೇ ಎದ್ದು, ಅಲ್ಲೇ ಬೆಳೆದಳು. ಒಂದು ದಿನ ಪುಟ್ಟ ರಾಜಕುಮಾರನ ಪಾತ್ರ ಮಾಡುವ ಹುಡುಗನಿಗೆ ಮಂಗನಬಾವು ಬಂದು ಮುಖ ಕುಂಬಳಕಾಯಿಯಾಯಿತು. ಐದು ವರ್ಷದ ಈಕೆಯ ತಲೆಗೆ ಕಿರೀಟವಿಟ್ಟು ರಂಗದ ಮೇಲೆ ನೂಕಿದರು. ಆ ಕಿರೀಟ ಇವತ್ತಿಗೂ ಇಳಿದಿಲ್ಲ!

ಮುಂದೆ ಆರು ವರ್ಷ ಆಕೆ ಕಾಡಿನಲ್ಲಿ ಕಳೆದುಹೋದಳು, ಹಾವಿನಿಂದ ಕಚ್ಚಿಸಿಕೊಂಡಳು, ಮಲತಾಯಿಯರ ಕೈಯಲ್ಲಿ ಪೆಟ್ಟು ತಿಂದಳು. ಇಂದು ಸತ್ತವಳು ನಾಳೆ ಎದ್ದು ತಿನ್ನಲು ಚುರುಮುರಿ ಸೂಸಲ ಕೇಳುತ್ತಿದ್ದಳು. ಕಷ್ಟ ಬಂದದ್ದು ಹನ್ನೊಂದನೆಯ ವರ್ಷಕ್ಕೆ. ಒಂದೇ ಮಳೆಗಾಲದಲ್ಲಿ ಜೋಳದ ದಂಟಿನ ಹಾಗೆ ಎತ್ತರವಾಗಿಬಿಟ್ಟಳು. ಬೀಳಗಿಯ ಕ್ಯಾಂಪಿನಲ್ಲಿ, ಕಳೆದುಹೋದ ಮಗ ಸಿಕ್ಕಾಗ ಮಹಾರಾಜ ಎತ್ತಿಕೊಂಡು ಹಾಡಬೇಕಿತ್ತು. ಮಹಾರಾಜ ಎತ್ತಿದ. ಸೊಂಟ ಕಟಕ್ ಎಂದಿತು. ಅಪ್ಪ ಮಗ ಇಬ್ಬರೂ ಸಿಂಹಾಸನದ ಮೇಲೆ ಬಿದ್ದು, ಸಿಂಹಾಸನ ಅವರ ಮೇಲೆ ಬಿದ್ದು, ಅಳಬೇಕಾದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಕಂಪನಿಯ ಮಾಲೀಕರು ಆಕೆಗೆ ತೊಡಲು ಹೊಸ ಪರಕಾರ-ಪೋಲಕ ಕೊಟ್ಟು, ನಮ್ಮ ಮಾವನಿಗೆ "ಕೂಸು ದೊಡ್ಡಾಕಿ ಆತ್ರಿ ಮಾಸ್ತರ್, ಇನ್ನ ಸಾಲಿಗಿ ಹಾಕ್ರಿ" ಅಂದರು. ಕಂಪನಿಯ ಲಾರಿ ಮುಂದಿನ ಊರಿಗೆ ಹೊರಟಿತು, ಅಪ್ಪ ಮಗಳು ಮುಧೋಳದ ಬಸ್ಸು ಹತ್ತಿದರು. ಸಿಂಹಾಸನ ಬಿದ್ದ ಕತೆಯನ್ನು ಆಕೆ ಅಭಿನಯಸಹಿತ ಹೇಳುತ್ತಾಳೆ. ಲಾರಿಯ ಮಾತು ಬಂದಾಗ ಮಾತ್ರ, ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಒಳಗೆ ಹೋಗುತ್ತಾಳೆ.

ಇಂಥವಳನ್ನು ನೋಡಲು ಹೋದ ನನ್ನ ಪಾಡು ಕೇಳಬೇಡಿ. ನಾನೋ ಅವಲಕ್ಕಿ ತಟ್ಟೆಯಿಂದ ತಲೆ ಎತ್ತದ ಪ್ರಾಣಿ. ತಟ್ಟೆಯಲ್ಲಿದ್ದ ಶೇಂಗಾಕಾಳು ಎಷ್ಟೆಂದು ಈಗಲೂ ಹೇಳಬಲ್ಲೆ, ಆಕೆ ಉಟ್ಟ ಸೀರೆಯ ಬಣ್ಣ ಹೇಳಲಾರೆ! ಆಕೆಯೇ ಕೇಳಿದಳು: "ನಿಮ್ಮ ದನಿ ಹಿಂದಿನ ಸಾಲಿನ ಮಂದಿಗೆ ಕೇಳಸ್ತೈತೇನ್ರಿ?"

ನಾನು ಗಾಬರಿಯಾಗಿ "ಹ್ಞಾಂ?" ಅಂದೆ.

"ಆತು ಬಿಡ್ರಿ. ಇವ್ರಿಗೆ ಮುಂದಿನ ಸಾಲಿನ ಮಾತೂ ಕೇಳಸೂದಿಲ್ಲ!"

ಆದರೂ ಒಪ್ಪಿದಳು. ಯಾಕೆ ಒಪ್ಪಿದಳೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಬನಹಟ್ಟಿಯ ನಮ್ಮ ಮನೆಯಲ್ಲಿ ಜಗಳಕ್ಕೂ ಶಿಸ್ತುಂಟು. ನಾನು ಸಿಟ್ಟಿನಿಂದ ಗೋಡೆಯ ಕಡೆ ತಿರುಗಿದರೆ, "ಮಂದಿಗೆ ಬೆನ್ನ ತೋರಸಬ್ಯಾಡ್ರಿ" ಎನ್ನುತ್ತಾಳೆ. ಯಾವ ಮಂದಿ? ಇಬ್ಬರೇ ಇರುತ್ತೇವೆ! ಮುಂದೇನು ಬೈಯಬೇಕೆಂದು ತೋಚದೆ ನಾನು ತಡವರಿಸಿದರೆ ಆಕೆಯೇ ಮೆಲ್ಲಗೆ ಹೇಳಿಕೊಡುತ್ತಾಳೆ: "ಈಗ ನೀವು, 'ನಿನ್ನ ತವರಮನ್ಯಾಗ ಇದನ್ನ ಕಲಿಸ್ಯಾರೇನು' ಅನ್ನಬೇಕ್ರಿ." ನಾನು ಅನ್ನುತ್ತೇನೆ. ತಕ್ಷಣ ಆಕೆ ಕೆಂಡವಾಗಿ, "ನಮ್ಮ ತವರಮನಿ ಸುದ್ದಿ ತಗೀತೀರೇನು!" ಎಂದು ಎಗರುತ್ತಾಳೆ. ಇಂಥ ಜಗಳವನ್ನು ಯಾವ ಗಂಡ ಗೆದ್ದಾನು?

ಎರಡು ವರ್ಷದ ಹಿಂದೆ ರಬಕವಿಯ ದೊಡ್ಡ ಹಳೆಯ ವಾಡೆ ಮನೆಯೊಂದಕ್ಕೆ ಸಿನಿಮಾದವರು ಬಂದರು. ಅಜ್ಜಿಯ ಪಾತ್ರಕ್ಕೆ ಇಲ್ಲಿಯವರೇ ಬೇಕಂತೆ ಎಂಬ ಸುದ್ದಿ ನಮ್ಮ ಓಣಿಗೂ ಬಂತು. ಆಕೆ ಎಂಟು ದಿನ ಬಿಸಿನೀರಿನಲ್ಲಿ ಉಪ್ಪು ಹಾಕಿ ಗಂಟಲು ತೊಳೆದಳು. ಪೆಟ್ಟಿಗೆಯಿಂದ ಅಪ್ಪನ ಹಳೆಯ ಫೋಟೋ ತೆಗೆದು ನಮಸ್ಕಾರ ಮಾಡಿದಳು. ಆಕೆಯ ಚೀಲ, ನೀರಿನ ಬಾಟಲಿ, ಊಟದ ಡಬ್ಬಿ ಹೊತ್ತುಕೊಂಡು ನಾನೂ ಹಿಂದೆ ಹೋದೆ.

ಡೈರೆಕ್ಟರ್ ಬೆಂಗಳೂರು ಕಡೆಯ ಹುಡುಗಿ. ಅಜ್ಜಿ ಹೇಳಬೇಕಾದ ಮಾತು ಒಂದೇ: "ಬಾ ಮಗಾ, ಊಟ ಮಾಡು." ನನ್ನಾಕೆ ಎರಡೂ ಕೈ ಚಾಚಿ "ಬಾ... ಮಗಾ!" ಎಂದಳು ನೋಡಿ! ಅಟ್ಟದ ಪಾರಿವಾಳಗಳು ಹಾರಿದವು. ಪಕ್ಕದ ಮನೆಯ ಮಗ್ಗ ನಿಂತು, ನೇಕಾರನೊಬ್ಬ ಓಡಿ ಬಂದ: "ಯಾರಿಗಿ ಏನಾತ್ರಿ?"

"ಅಮ್ಮಾ, ಸ್ವಲ್ಪ ಕಡಿಮೆ ಮಾಡ್ತೀರಾ?" ಅಂದಳು ಹುಡುಗಿ.

"ಎಷ್ಟ ಕಡಿಮಿ ಮಾಡ್ಲೆವಾ?"

"ಏನೂ ಮಾಡ್ಬೇಡಿ. ಸುಮ್ನೆ ಹೇಳಿ."

"ಏನೂ ಮಾಡದ ಇರಾಕ ನಿಮಗ ನಟಿ ಯಾಕ ಬೇಕು?"

ಹುಡುಗಿ ಉತ್ತರ ಹುಡುಕುತ್ತಾ ಅತ್ತಿತ್ತ ನೋಡಿದವಳು, ಮೆಟ್ಟಿಲ ಮೇಲೆ ಡಬ್ಬಿ ಅಪ್ಪಿಕೊಂಡು ಹೆದರಿ ಕೂತಿದ್ದ ನನ್ನನ್ನು ಕಂಡಳು. "ಸಾರ್, ಹಾಗೇ ಇರಿ! ಎಂಥ ನ್ಯಾಚುರಲ್ ಮುಖ!" ಹೊರಸಿನ ಮೇಲೆ ಕೂತು ಬಾಗಿಲ ಕಡೆ ನೋಡುತ್ತಾ ಯಾರಿಗೋ ಕಾಯುವ ಮುದುಕನ ಪಾತ್ರವೊಂದಿತ್ತಂತೆ. ಮಾತಿಲ್ಲ. ಅದು ನನಗೆ ಸಿಕ್ಕಿತು. ಆಕೆಗೆ ಏನೂ ಸಿಗಲಿಲ್ಲ.

ಆಟೋ ಹಿಡಿದು ಮನೆಗೆ ಬಂದೆವು. ಒಳಗೆ ಬಂದ ಮೇಲೆ ನಾನೇ ಅಂದೆ: "ನಾ ಒಲ್ಲೆ ಅಂತ ಫೋನ್ ಮಾಡ್ತೇನಿ."

"ಬಂದ ಪಾತ್ರ ಬಿಡಬಾರದ್ರಿ" ಅಂದಳು. "ಗಡ್ಡ ಬೋಳಸಬ್ಯಾಡ್ರಿ ಅಷ್ಟ." ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಲೆ ಹಚ್ಚಿದ ಸಪ್ಪಳ ಬರಲಿಲ್ಲ.

ಶೂಟಿಂಗಿಗೆ ಆಕೆಯೂ ಬಂದು ಮೂಲೆಯಲ್ಲಿ ಕೂತಳು. ನಾನು ಬಾಗಿಲು ನೋಡಿದೆ. ಮತ್ತೆ ನೋಡಿದೆ. ಹದಿನಾಲ್ಕು ಸಲ ನೋಡಿದೆ! "ಸಾರ್, ನೀವು ಕಾಯ್ತಿರೋ ಹಾಗಿಲ್ಲ, ಬೋರ್ಡ್ ಮೇಲಿನ ಲೆಕ್ಕ ತಪ್ಪಿದೆ ಅನ್ನೋ ಹಾಗಿದೆ" ಅಂದಳು ಹುಡುಗಿ. ಬೇರೆ ಯಾರನ್ನಾದರೂ ಕರೆಯೋಣವೇ ಎಂದು ಅವರವರೇ ಪಿಸುಗುಟ್ಟತೊಡಗಿದರು. ಮಾನ ಹೋಗುವ ಹೊತ್ತು.

ಆಗ ನನ್ನಾಕೆ ಎದ್ದಳು. ಕ್ಯಾಮೆರಾದ ಹಿಂದಿನಿಂದ ಸುತ್ತಿ ಬಂದು, ಚಿತ್ರದೊಳಗೆ ಬೀಳದ ಹಾಗೆ ಬಾಗಿಲ ಆಚೆ ನಿಂತಳು. ಮೆಲ್ಲಗೆ ಅಂದಳು: "ಯಾರಿಗೂ ಕಾಯಬ್ಯಾಡ್ರಿ. ಸುಮ್ಮ ನನ್ನ ನೋಡ್ರಿ."

ನೋಡಿದೆ. ಮಧ್ಯಾಹ್ನದ ಬಿಸಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ಅರಳಿಸಿರಲಿಲ್ಲ, ಕೈ ಚಾಚಿರಲಿಲ್ಲ. ತನಗೆ ಪಾತ್ರ ಸಿಗದಿದ್ದರೂ ನನ್ನದು ಕೈಯಿಂದ ಜಾರಬಾರದೆಂದು ಬರೇ ನಿಂತಿದ್ದಳು. ನನ್ನ ಮುಖ ಏನು ಮಾಡಿತೋ ನನಗೆ ತಿಳಿಯದು. "ಓಕೆ!" ಎಂದು ಹುಡುಗಿ ಕೂಗಿದಾಗಲೂ ನಾನು ನೋಡುತ್ತಲೇ ಇದ್ದೆನಂತೆ.

ಸಿನಿಮಾ ಜಮಖಂಡಿಗೆ ಬಂದಾಗ ಇಬ್ಬರೇ ಹೋದೆವು. ನಾನು ಪರದೆಯ ಮೇಲೆ ಇದ್ದದ್ದು ಒಂದು ಆಕಳಿಕೆಯಷ್ಟು ಹೊತ್ತು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಆಕೆ ಕೇಳಿದಳು:

"ಏನ್ರೀ, ನೀವು ನನ್ನನ್ನ ಹಂಗ ನೋಡ್ತೀರೇನು?"

"ನೋಡ್ತೇನಿ ಅಂತ ಕಾಣ್ತೈತಿ."

"ಒಂದ ದಿನಾನೂ ಹೇಳಲಿಲ್ಲಲ್ರೀ!"

ಬನಹಟ್ಟಿ ಬಸ್ಸು ಬಂತು. ಆಕೆ ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ, ಅಲ್ಲಿ ನನ್ನನ್ನು ಕೂರಿಸಿದಳು.