ಹೊಲಿಗೆ ಯಂತ್ರದ ಮೇಲೆ ಮುದ್ದೆ

ಸವಲತ್ತು ವಿತರಣಾ ಕಚೇರಿಯಲ್ಲಿ ಸವಲತ್ತು ಬೇಕೆನ್ನುವುದಕ್ಕೆ ನಿಯಮಗಳಿವೆ, ಬೇಡವೆನ್ನುವುದಕ್ಕೆ ಇಲ್ಲ. ಈ ಕೊರತೆ ಬೆಳಕಿಗೆ ಬಂದದ್ದು ಮಧುಗಿರಿ ಬಸ್ ನಿಲ್ದಾಣದ ಹಿಂದೆ ಮುದ್ದೆ ಹೋಟೆಲ್ ನಡೆಸುವ ಮಾರಕ್ಕನಿಂದ.

ಮಾರಕ್ಕನಿಗೆ ಹೊಲಿಗೆ ಬರುವುದಿಲ್ಲ. ಆದರೂ ಹಿಂದಿನ ಸರ್ಕಾರ ಅವಳಿಗೊಂದು ಹೊಲಿಗೆ ಯಂತ್ರ ಕೊಟ್ಟಿತ್ತು, ಈಗಿನ ಸರ್ಕಾರ ಇನ್ನೊಂದು. ಅವಳ ಕಾಲೋನಿಯ ಹೆಂಗಸರಿಗೆ ಹೊಲಿಗೆ ಯಂತ್ರ ಎಂಬುದು ಎರಡು ಪಕ್ಷಗಳೂ ಒಪ್ಪಿಕೊಂಡ ಏಕೈಕ ಸಿದ್ಧಾಂತ. ಮಾರಕ್ಕ ಎರಡನ್ನೂ ಹೋಟೆಲಿನಲ್ಲಿ ಮೇಜು ಮಾಡಿಕೊಂಡಿದ್ದಳು. ತೊಂದರೆ ಬೇರೆಯದು. ಯಂತ್ರ ಪಡೆದವರು ಫಲಾನುಭವಿಗಳ ಸಮಾವೇಶಕ್ಕೆ ಹೋಗಿ ಚಪ್ಪಾಳೆ ತಟ್ಟಬೇಕು. ಸಮಾವೇಶ ಯಾವಾಗಲೂ ಸಂತೆಯ ದಿನವೇ, ಏಕೆಂದರೆ ಅಂದು ಜನ ಸೇರುತ್ತಾರೆ. ಹೋಟೆಲಿಗೆ ಜನ ಬರುವುದೂ ಅಂದೇ.

ಮೂರನೆಯ ಯಂತ್ರ ಮಂಜೂರಾದಾಗ ಅವಳು ಕಚೇರಿಗೆ ಹೋದಳು.

"ಸ್ವಾಮಿ, ನಂಗೆ ಮಿಶಿನ್ ಬ್ಯಾಡ. ಸಂತೆ ದಿನ ಯಾಪಾರ ಮಾಡಾಕ್ ಬುಟ್ರೆ ಸಾಕು."

ಅಧಿಕಾರಿ ರೇಣುಕಪ್ರಸಾದ್ ಕನ್ನಡಕ ತೆಗೆದರು. "ಬೇಡ ಅನ್ನೋಕೆ ಕಾಲಂ ಇಲ್ಲಮ್ಮ. ತೀರಿಕೊಂಡವರದ್ದು ಮಾತ್ರ ರದ್ದು ಮಾಡಬಹುದು."

"ಬದ್ಕಿರೋರದ್ದು?"

"ಬದುಕಿರೋರು ತಗೋತಾರೆ."

ಸಂಜೆಯೊಳಗೆ ಸುದ್ದಿ ಕಾಲೋನಿ ಮುಟ್ಟಿತು. ಆಳುವ ಪಕ್ಷದ ಪರವಾಗಿ ಕಾಲೋನಿಯ ಓಟುಗಳನ್ನು ನೋಡಿಕೊಳ್ಳುವ ಚೌಡಯ್ಯ ಓಡಿಬಂದ. ಅವನು ಮಾರಕ್ಕನ ಚಿಕ್ಕಪ್ಪನ ಮಗ.

"ಅಕ್ಕಾ, ನಮ್ಮೋಳಾಗಿ ಇಂಗ್ ಮಾಡ್ಬುಟ್ಯಲ್ಲ! ನಾವು ಹುಟ್ಟಿದಾಗ್ಲಿಂದ ಇದೇ ಪಾರ್ಟಿ."

"ನೀನು ಹುಟ್ಟಿದಾಗ ಸೂಲಗಿತ್ತಿ ಪಕ್ಕ ನಾನಿದ್ದೆ ಕಣ್ಲಾ. ಬಾವುಟ ಹಿಡ್ಕಂಡೇನೂ ಬರ್ಲಿಲ್ಲ ನೀನು. ನನ್ ಮಗಳು ಶ್ರೀಲತಾ ಹಾಸ್ಟೆಲ್ ಅನ್ನ ಉಂಡು ಓದುದ್ಲು. ಅದು ಬೇಕಿತ್ತು, ಕೈಮುಗ್ದು ಈಸ್ಕಂಡೆ. ಇದು ಬ್ಯಾಡ. ಓಟು ಯಾರ್ಗೆ ಅಂತ ನಾನೇ ಯೋಚ್ನೆ ಮಾಡ್ಕತೀನಿ."

ಅವನು ಹೋದ ಬೆನ್ನಿಗೇ ವಿರೋಧ ಪಕ್ಷದ ಗೌರೀಶ್ ಹಾರ ಹಿಡಿದು ಬಂದ. "ಅಮ್ಮಾ, ಅವರನ್ನ ಬಿಟ್ಟಿದ್ದು ಒಳ್ಳೇದಾಯ್ತು. ಇನ್ಮೇಲೆ ನೀವು ನಮ್ಮೋರು."

"ನಾನು ಬ್ಯಾಡ ಅಂದಿದ್ದು ಮಿಶಿನ್ನ ಕಣಪ್ಪ. ನೀನು ಬೇಕು ಅಂತ ಯಾವಾಗಂದೆ?"

ಗೌರೀಶ್ ಹಾರವನ್ನು ತಮ್ಮ ಸರ್ಕಾರ ಕೊಟ್ಟಿದ್ದ ಯಂತ್ರಕ್ಕೆ ಹಾಕಿ ಹೋದ.

ವಿಷಯವನ್ನು ಮೇಲಕ್ಕೆ ಕಳುಹಿಸಲಾಯಿತು. ಮೇಲಿನವರು ಆಳವಾಗಿ ಚಿಂತಿಸಿ ಸುತ್ತೋಲೆ ಹೊರಡಿಸಿದರು:

"ಸವಲತ್ತು ಬೇಡವೆನ್ನುವವರು ಸವಲತ್ತಿನಿಂದ ವಂಚಿತರಾಗುತ್ತಿರುವುದು ಗಮನಕ್ಕೆ ಬಂದಿರುವುದರಿಂದ, ಸದರಿಯವರಿಗಾಗಿ 'ಸ್ವಾಭಿಮಾನ ಭಾಗ್ಯ' ಯೋಜನೆಯನ್ನು ಜಾರಿಗೊಳಿಸಲಾಗಿದೆ. ಫಲಾನುಭವಿಯು ಏನನ್ನೂ ಬಯಸತಕ್ಕದ್ದಲ್ಲ. ಬಯಸದಿರುವುದಕ್ಕೆ ಇಬ್ಬರು ಸಾಕ್ಷಿಗಳಿರತಕ್ಕದ್ದು. ಸವಲತ್ತನ್ನು ಸಮಾವೇಶದಲ್ಲಿ ಖುದ್ದಾಗಿ ಸ್ವೀಕರಿಸತಕ್ಕದ್ದು."

ಚೌಡಯ್ಯ, ಗೌರೀಶ್ ಇಬ್ಬರೂ ಸಂತೋಷದಿಂದ ಸಾಕ್ಷಿ ಹಾಕಿದರು.

ಸಮಾವೇಶ ಸಂತೆಯ ದಿನ, ಮಾರಕ್ಕನ ಹೋಟೆಲಿನ ಮುಂದೆಯೇ ನಡೆಯಿತು. ಭದ್ರತೆಯ ದೃಷ್ಟಿಯಿಂದ ಹೋಟೆಲನ್ನು ಮುಚ್ಚಿಸಲಾಗಿತ್ತು. ಹೊಳವನಹಳ್ಳಿಯಿಂದ ಬಸ್ಸುಗಳಲ್ಲಿ ಕರೆತಂದ ಹೆಂಗಸರು ಸ್ವಾವಲಂಬನೆಗೆ ಚಪ್ಪಾಳೆ ತಟ್ಟಿ, ಊಟದ ಪೊಟ್ಟಣ ಪಡೆದರು. ಮಾರಕ್ಕನಿಗೆ ಆ ಮೂರನೆಯ ಹೊಲಿಗೆ ಯಂತ್ರವನ್ನೇ ನೀಡಲಾಯಿತು. ಅದರ ಮೇಲೆ "ಯಾರ ಹಂಗೂ ಇಲ್ಲದ ಮಾರಕ್ಕನವರಿಗೆ" ಎಂದು ಬರೆಸಿದ್ದರು. ಸ್ವಾಭಿಮಾನವು ಪಕ್ಷಾತೀತವಾದ್ದರಿಂದ ಕೆಳಗೆ ಎರಡೂ ಪಕ್ಷಗಳ ನಾಯಕರ ಚಿತ್ರಗಳಿದ್ದವು.

ಎರಡು ಮಾತಾಡಿ ಎಂದು ಮೈಕು ಕೊಟ್ಟರು.

"ಊಟಕ್ಕೆ ನಾಳೆ ಬನ್ನಿ," ಎಂದಳು ಮಾರಕ್ಕ. "ಇವತ್ತು ಬಾಗ್ಲು ಹಾಕ್ಸವ್ರೆ."

ಬಹಳ ಹೊತ್ತಿನವರೆಗೂ ಚಪ್ಪಾಳೆ ಬೀಳುತ್ತಲೇ ಇತ್ತು.

ಈಗ ಹೋಟೆಲಿನಲ್ಲಿ ಮೂರು ಮೇಜು. ಆಳುವ ಪಕ್ಷದವರು ಒಂದಕ್ಕೆ ಕೂರುತ್ತಾರೆ, ವಿರೋಧ ಪಕ್ಷದವರು ಇನ್ನೊಂದಕ್ಕೆ. ಸರ್ಕಾರಿ ನೌಕರರು ತಟಸ್ಥರಾಗಿರಬೇಕಾದ್ದರಿಂದ ರೇಣುಕಪ್ರಸಾದ್ ಮೂರನೆಯದರಲ್ಲಿ ಉಣ್ಣುತ್ತಾರೆ. ಚುನಾವಣೆಯ ಮಾತು ಬಂದರೆ ಎಲ್ಲರ ಕಾಲುಗಳೂ ತಂತಾನೇ ಪೆಡಲ್ ತುಳಿಯತೊಡಗುತ್ತವೆ. ಯಾರಿಗೂ ಅದು ವಿಚಿತ್ರ ಎನಿಸುವುದಿಲ್ಲ.

"ಅಕ್ಕಾ, ಈ ಸಲ ಓಟು ಯಾರ್ಗೆ?" ಎಂದು ಚೌಡಯ್ಯ ಮುದ್ದೆ ಮುರಿಯುತ್ತಾ ಕೇಳುತ್ತಾನೆ.

"ಕಾಲಾಡಿಸ್ಬ್ಯಾಡ ಕಣ್ಲಾ," ಎನ್ನುತ್ತಾಳೆ ಮಾರಕ್ಕ, "ಸಾರು ಚೆಲ್ತದೆ."