ಭಲೇ ಎನ್ನುವ ತೊಟ್ಟಿ

ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಮುನಿಸಾ ಒಂದೇ ಲೋಟದ ಚಹಾಕ್ಕೆ ನೀರಿಟ್ಟಳು. ಅಷ್ಟರಲ್ಲಿ ಕೆಳಗಿನ ಅಂಗಳದಿಂದ ಸತ್ತ ಗಂಡ ಕೂಗಿದ: "ಬಿತ್ತು, ಬಿತ್ತು! ಭಲೇ!"

ಕೂಗಿದ್ದು ಕಸದ ತೊಟ್ಟಿ. ತಾಷ್ಕೆಂಟಿನ ಆ ವಠಾರದ ಮಂದಿ ಕಸವನ್ನು ತೊಟ್ಟಿಯ ಸುತ್ತ ಎಸೆಯುತ್ತಿದ್ದರೇ ಹೊರತು ಒಳಗೆ ಹಾಕಿದವರಲ್ಲ. ಆಟಗಳನ್ನು ಹೆಣೆಯುವುದೇ ಕಸುಬಾಗಿದ್ದ ಅವಳ ಗಂಡ ಶುಹ್ರತ್, "ಬೈದ್ರೆ ಯಾರೂ ಬದಲಾಗಲ್ಲ, ಆಟ ಆಡಿಸ್ಬೇಕು" ಎಂದು ಹಾಲಿನ ಸಾಬಿರನ ಗಾಡಿಯ ಸ್ಪೀಕರನ್ನು ಎರವಲು ತಂದು, ತನ್ನ ದನಿ ತುಂಬಿಸಿ, ತೊಟ್ಟಿಗೆ ಕಟ್ಟಿದ್ದ. ಕಸ ಒಳಗೆ ಬಿದ್ದರೆ ಹೊಗಳಿಕೆ. ವಾರದಲ್ಲಿ ಅಂಗಳ ಕನ್ನಡಿಯಂತಾಯಿತು. "ನೀನೂ ಒಂದ್ಸಲ ಬಂದು ಹಾಕೇ" ಎಂದು ಹೆಂಡತಿಯನ್ನು ದಿನವೂ ಕರೆಯುತ್ತಿದ್ದ. "ನಾನೇನು ಮಗುವಾ?" ಎಂದು ಅವಳು ಚೀಲವನ್ನು ಅವನ ಕೈಗೇ ಕೊಟ್ಟು ಕಳಿಸುತ್ತಿದ್ದಳು.

ಇವತ್ತು ತೊಟ್ಟಿ ಬಾಯಿ ಮುಚ್ಚಲೇ ಇಲ್ಲ. ಕಿಟಕಿಯಿಂದ ಇಣುಕಿದರೆ, ಮೇಲಿನ ಮನೆಯ ಕರೋಮತ್ ಚಿಕ್ಕಮ್ಮ ಜಪಮಣಿ ಎಣಿಸುವವಳಂತೆ ಈರುಳ್ಳಿ ಸಿಪ್ಪೆಯನ್ನು ಒಂದೊಂದೇ ಎಸಳಾಗಿ ಹಾಕುತ್ತಿದ್ದಾಳೆ. ಹಿಂದೆ ಸಾಲು ನಿಂತಿದೆ.

"ಬೇಗ ಮುಗಿಸಮ್ಮ!" ಎಂದ ಎರ್ಗಶ್ ಅಜ್ಜ. "ನನ್ನ ಹತ್ರ ಇರೋದೇ ಒಂದು ಕಲ್ಲಂಗಡಿ ಸಿಪ್ಪೆ. ಅದನ್ನೂ ಚೂರು ಚೂರು ಮಾಡ್ಕೊಂಡು ಬಂದೀನಿ."

"ಸುಮ್ನಿರು ಮಾರಾಯ, ಹುಡುಗನ ದನಿ ಕೇಳ್ತಿದೀನಿ."

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿಯಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ಧೈರ್ಯ ತಗೋ ಮಗಳೇ... ನಿಮ್ಮನೇಲಿ ಕಸ ಏನಾದ್ರೂ ಇದ್ಯಾ?"

"ಕಸಾನಾ?"

"ನಮ್ಮದೆಲ್ಲ ಖಾಲಿ ಆಯ್ತು ಕಣೇ."

"ಇದ್ರೆ ಪಾಲು ಮಾಡಿ ಕೊಡಮ್ಮ, ಅವಳೊಬ್ಬಳಿಗೇ ಕೊಟ್ಬಿಡ್ಬೇಡ!" ಎಂದ ಬೆನ್ನ ಹಿಂದಿನಿಂದ ಅಜ್ಜ.

ಮುನಿಸಾ ಕೆಳಗಿಳಿದು, ತಂತಿ ಕಿತ್ತು, ಸ್ಪೀಕರನ್ನು ಎತ್ತಿಕೊಂಡಳು.

"ಅಯ್ಯೋ, ಅವನನ್ನ ಎಲ್ಲಿಗೆ ಒಯ್ತೀಯೇ?"

"ಎರವಲು ತಂದಿದ್ದು ಚಿಕ್ಕಮ್ಮ. ಸತ್ತೋರ ಮೇಲೆ ಎರವಲು ಇರಬಾರ್ದು."

ಬೀದಿಯ ತಿರುವಿನಲ್ಲಿ ಸಾಬಿರ್ ಸಿಕ್ಕ. ಸ್ಪೀಕರ್ ಕೊಟ್ಟಾಗಿನಿಂದ ತಾನೇ ಕೂಗಿ ಕೂಗಿ ಅವನ ಗಂಟಲು ಎಣ್ಣೆ ಕಾಣದ ಗಾಲಿಯಂತಾಗಿತ್ತು. ಆದರೂ, "ಇಟ್ಕೋ ತಂಗಿ, ಅವನ ನೆನಪಿಗೆ" ಎಂದ.

"ಬೇಡಣ್ಣ. ಆ ದನಿ ಅಳಿಸ್ಬಿಡು. ನನ್ನ ಕೈಲಿ ಕೇಳಕ್ಕಾಗಲ್ಲ."

ಸಾಬಿರ್ ಅದರ ಮೇಲೆ ತನ್ನ ಕೂಗು ತುಂಬಿಸಿದ. ಸರಿಯಾಯಿತೇ ಎಂದು ಗುಂಡಿ ಒತ್ತಿದ.

"ಹಾಲು! ಮೊಸರು! ...ಭಲೇ!"

ಸಾಬಿರನ ಕೂಗು ಗಿಡ್ಡ. ಶುಹ್ರತನ ದನಿಯ ಬಾಲ ಕೊನೆಯಲ್ಲಿ ಉಳಿದುಬಿಟ್ಟಿತ್ತು. "ತಡಿ, ಇನ್ನೊಂದ್ಸಲ..." ಎಂದು ಅವನು ಕೈ ಚಾಚುವಷ್ಟರಲ್ಲಿ ಬೀದಿಯ ಬಾಗಿಲುಗಳು ತೆರೆದುಕೊಂಡವು. ಹೆಂಗಸರು ನಗುತ್ತ ಪಾತ್ರೆ ಹಿಡಿದು ಬಂದರು. ಸಾಬಿರನ ಕೈ ಮೆಲ್ಲಗೆ ಹಿಂದೆ ಸರಿಯಿತು.

"ಹೀಗೇ ಇರ್ಲಾ ತಂಗಿ? ಆದ್ರೆ ದಿನಾ ಬೆಳಗ್ಗೆ ನಿನ್ನ ಕಿಟಕಿ ಕೆಳಗೇ ಹೋಗ್ಬೇಕಲ್ಲ ನಾನು..."

ಒಂದು ದಿನವೂ ಕಸ ಹಾಕದಿದ್ದ ಮುನಿಸಾಳ ಪಾಲಿಗೆ ಮೊದಲ ಭಲೇ ಬಂದದ್ದು ಹೀಗೆ, ಮೊಸರಿನ ಬೆನ್ನಿಗೆ. ಅವಳು ಸ್ಪೀಕರನ್ನು ಗಾಡಿಯ ಕೊಕ್ಕೆಗೆ ತೂಗುಹಾಕಿದಳು, ಅದರ ಬಾಯಿ ತನ್ನ ಕಿಟಕಿಯ ಕಡೆಗೆ ಬರುವಂತೆ.