ಬುಟ್ಟಿಗೆ ಚೆಂಡು ಹಾಕದವನ ಸಂಬಳ

ಸಿಬ್ಬಂದಿಯ ಲೆಕ್ಕ ನೋಡುವ ಪರ್ಸನೆಲ್ ವಿಭಾಗದಲ್ಲಿ ಕೂತವನ ಮುಂದೆ ನಗು ಬರುವ ಸಂಗತಿಗಳು ದಿನವೂ ನಡೆಯುತ್ತಲೇ ಇರುತ್ತವೆ. ತೊಂದರೆ ಏನೆಂದರೆ, ಅವೆಲ್ಲ ನಗಬಾರದ ಹೊತ್ತಿನಲ್ಲೇ ನಡೆಯುತ್ತವೆ. ವೀಸಾ ರದ್ದಾದವನ ಎದುರು ಹಲ್ಲು ಬಿಟ್ಟರೆ ಅವನು ಏನೆಂದುಕೊಂಡಾನು? ಹಾಗಾಗಿ ಮಸ್ಕತ್ತಿನ ಹತ್ತಿರದ ರುಸೈಲಿನ ಬಕೆಟ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ನಾನು ಮುಖ ಗಂಟು ಹಾಕಿಕೊಂಡೇ ಕಳೆದೆ. ಬಂಟ್ವಾಳದ ಕಡೆಯವನಾದ ನನಗೆ ಕಬಡ್ಡಿ ಗೊತ್ತು, ವಾಲಿಬಾಲ್ ಗೊತ್ತು. ಬಾಸ್ಕೆಟ್‌ಬಾಲಿನ ಗಂಧಗಾಳಿಯೂ ಇರಲಿಲ್ಲ. ಅಂಥವನ ಕೊರಳಿಗೆ, ಒಬ್ಬ ಬಾಸ್ಕೆಟ್‌ಬಾಲ್ ಆಟಗಾರನಿಗೆ ಕೊಡುವ ಸಂಬಳ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಕೆಲಸ ಬಂದು ಬಿತ್ತು. ಎರಡು ಸಾವಿರದ ಐದಾರರ ಸುಮಾರಿನ ಮಾತು.

೧. ಏಣಿ

ನಮ್ಮ ಮಾಲೀಕರು ಒಮಾನಿ. ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಅಮೆರಿಕದಲ್ಲಿ ಓದುವಾಗ ಬಾಸ್ಕೆಟ್‌ಬಾಲಿನ ಹುಚ್ಚು ಹತ್ತಿಸಿಕೊಂಡು ಬಂದವರು. ಗೋದಾಮಿನ ಹಿಂದೆ ಕೋರ್ಟ್ ಕಟ್ಟಿಸಿ, ಕೆಲಸಗಾರರ ಟೀಮ್ ಮಾಡಿ, ಚಳಿಗಾಲದ ಗುರುವಾರಗಳ ಸಂಜೆ ಬೇರೆ ಕಂಪನಿಗಳ ಜೊತೆ ಆಡಿಸುತ್ತಿದ್ದರು. ಮರುದಿನ ಶುಕ್ರವಾರ, ರಜೆ. ಸೋತರೂ ಸುಧಾರಿಸಿಕೊಳ್ಳಲು ಒಂದು ದಿನ ಸಿಗುತ್ತಿತ್ತು. ಅದು ಬೇಕಾಗಿಯೂ ಇತ್ತು, ಯಾಕೆಂದರೆ ಘಾಲಾದ ಒಂದು ಗ್ಯಾರೇಜ್ ಕಂಪನಿಯ ಎದುರು ನಾವು ಪ್ರತಿ ವರ್ಷ ಸೋಲುತ್ತಿದ್ದೆವು. ಅವರಲ್ಲೊಬ್ಬ ಫಿಲಿಪೀನ್ಸಿನ ಮೆಕ್ಯಾನಿಕ್ ಇದ್ದ. ಅವನ ಕೈಗೆ ಚೆಂಡು ಸಿಕ್ಕಿತೆಂದರೆ ನಮ್ಮವರು ಸುಮ್ಮನೆ ತಲೆ ಎತ್ತಿ ಬುಟ್ಟಿ ನೋಡುತ್ತಿದ್ದರು.

ಅರ್ಬಾಬ್ ರೋಸಿಹೋಗಿ ಮಂಡ್ಯದಿಂದ ಒಬ್ಬನನ್ನು ಕರೆಸಿದರು. ಆರಡಿ ನಾಲ್ಕಂಗುಲ. ಬಂದ ದಿನವೇ ನಮ್ಮ ಪಠಾಣ್ ಡ್ರೈವರುಗಳು ಅವನಿಗೆ ಲಂಬೂ ಎಂದು ಹೆಸರಿಟ್ಟರು. ಬಕೆಟ್ ಫ್ಯಾಕ್ಟರಿಗೆ ಆಟಗಾರನ ವೀಸಾ ಎಲ್ಲಿಂದ ಬರಬೇಕು? ಖಾಲಿ ಇದ್ದದ್ದು ಸ್ಟೋರ್‌ಕೀಪರ್ ಹುದ್ದೆ. ಆ ಹುದ್ದೆಗೆ ಬೇರೆ ಯಾರಾದರೂ ನೂರೈವತ್ತು ರಿಯಾಲಿಗೆ ಬರುತ್ತಿದ್ದರು. ಇವನಿಗೆ ನಾನೂರು, ಮೇಲೆ ಫ್ಯಾಮಿಲಿ ವೀಸಾ. ಎರಡು ವರ್ಷದ ಕಾಂಟ್ರಾಕ್ಟ್.

ಇದು ನಮ್ಮ ಫೈನಾನ್ಸ್ ಮ್ಯಾನೇಜರಿಗೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಯಿತು. ಅವರು ಬೆಂಗಳೂರಿನ ಶುದ್ಧ ಸಸ್ಯಾಹಾರಿ, ಹಾಗಾಗಿ ಇನ್ನೂ ಹೆಚ್ಚು ಒದ್ದಾಡಿದರು.

"ಏನ್ರೀ ಮಾಡ್ತಾನೆ ಅವನು ಸ್ಟೋರಲ್ಲಿ?" ಎಂದು ನನ್ನನ್ನು ಕೇಳಿದರು.

ನನಗೂ ಸರಿಯಾಗಿ ಗೊತ್ತಿರಲಿಲ್ಲ. "ಮೇಲಿನ ರ‍್ಯಾಕಿನಿಂದ ಸಾಮಾನು ತೆಗೀತಾನೆ ಸರ್. ಅವ ಬಂದ ಮೇಲೆ ಏಣಿ ಬೇಕಾಗ್ಲಿಲ್ಲ" ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಿಂಗಳಿಗೆ ನಾನೂರು ರಿಯಾಲಿಗೆ ಎಷ್ಟು ಏಣಿ ಬರುತ್ತೆ ಗೊತ್ತೇನ್ರೀ ನಿಮಗೆ?"

೨. ನೀರು ಕುಡಿಯುವ ಹೊತ್ತು

ಅವನ ಮೊದಲ ಪಂದ್ಯ ಘಾಲಾದವರ ಎದುರೇ ಇತ್ತು. ಫೈನಾನ್ಸ್ ಮ್ಯಾನೇಜರ್ ಒಂದು ಪುಟ್ಟ ಡೈರಿ ಹಿಡಿದು ನನ್ನ ಪಕ್ಕ ಕೂತರು. ಲಂಬೂ ಹಾಕುವ ಒಂದೊಂದು ಪಾಯಿಂಟನ್ನೂ ಬರೆದುಕೊಳ್ಳುವುದು ಅವರ ಉದ್ದೇಶ. ಅರ್ಧ ಆಟ ಮುಗಿದರೂ ಡೈರಿ ಬಿಳಿಯಾಗಿಯೇ ಇತ್ತು.

"ಚೆಂಡಿನ ಹತ್ರಾನೇ ಹೋಗಲ್ವಲ್ರೀ ಇವನು!"

ನಿಜ. ಚೆಂಡು ಒಂದು ಕಡೆ ಇದ್ದರೆ ಇವನು ಇನ್ನೊಂದು ಕಡೆ, ಆ ಫಿಲಿಪೀನ್ಸಿನವನ ಎದುರು ಎರಡೂ ಕೈ ಚಾಚಿ ನಿಂತಿರುತ್ತಿದ್ದ. ಅವನು ಎಡಕ್ಕೆ ಸರಿದರೆ ಇವನೂ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಚಿಕ್ಕಂದಿನಲ್ಲಿ ಕೊಯ್ಲಿನ ಗದ್ದೆಯಲ್ಲಿ ನಾವು ಹೀಗೇ ಅಡ್ಡ ನಿಂತು ದನ ತಡೆಯುತ್ತಿದ್ದೆವು. ಅದಕ್ಕೆ ಯಾರೂ ನಾನೂರು ರಿಯಾಲ್ ಕೊಟ್ಟಿರಲಿಲ್ಲ.

ನಡುವೆ ರೆಫರಿ ಸೀಟಿ ಊದಿ ಬಿಡುವು ಕೊಟ್ಟ. ಫಿಲಿಪೀನ್ಸಿನವನು ಬೆವರು ಒರೆಸಿಕೊಳ್ಳುತ್ತ ನೀರಿನ ಕ್ಯಾನಿನ ಕಡೆಗೆ ನಡೆದ. ಲಂಬೂ ಅವನ ಹಿಂದೆಯೇ ಹೋಗಿ, ಕ್ಯಾನಿಗೆ ಅಡ್ಡವಾಗಿ ಕೈ ಚಾಚಿ ನಿಂತುಬಿಟ್ಟ. ಆ ಬಡಪಾಯಿ ಎಡಕ್ಕೆ ಸರಿದ, ಬಲಕ್ಕೆ ಸರಿದ, ಕೊನೆಗೆ ಎರಡೂ ಕೈ ಮುಗಿದ. ಆಗ ಲಂಬೂವಿಗೆ ಎಚ್ಚರವಾಗಿ, ನಾಚಿ, ತಾನೇ ಗ್ಲಾಸಿಗೆ ನೀರು ತುಂಬಿಸಿ ಕೊಟ್ಟ.

ಆಮೇಲೆ ನಾನು ಅವನನ್ನು ಕೇಳಿದೆ: "ಎಂತ ಮಾರಾಯ, ನೀರು ಕುಡಿಲಿಕ್ಕೂ ಬಿಡುದಿಲ್ವಾ?"

"ಮನ್ಸು ಇನ್ನೂ ಆಟದಲ್ಲೇ ಇತ್ತು ಸಾ" ಎಂದ, ತಲೆ ತಗ್ಗಿಸಿ. "ಅವ್ನು ಒಂದಿನಕ್ಕೆ ಮೂವತ್ತು ಪಾಯಿಂಟ್ ಹಾಕೋನು. ಇವತ್ತು ಆರು ಹಾಕವ್ನೆ. ನಂದು ಅದೇ ಲೆಕ್ಕ ಸಾ."

ಆ ದಿನ ನಾವು ಎರಡು ಪಾಯಿಂಟಿನಿಂದ ಗೆದ್ದೆವು. ಅರ್ಬಾಬ್ ಕುಣಿದಾಡಿಬಿಟ್ಟರು. ಫೈನಾನ್ಸ್ ಮ್ಯಾನೇಜರ್ ಡೈರಿಯಲ್ಲಿ ದೊಡ್ಡದಾಗಿ ಒಂದು ಸೊನ್ನೆ ಬರೆದು, ನನ್ನಿಂದ ಸಾಕ್ಷಿಯ ಸಹಿ ಹಾಕಿಸಿಕೊಂಡರು.

೩. ಫಾರಂನಲ್ಲಿ ಇಲ್ಲದ ಕಾಲಂ

ಹೆಚ್ಚುಕಡಿಮೆ ಎರಡು ವರ್ಷ ಹೀಗೇ ಕಳೆಯಿತು. ಕಾಂಟ್ರಾಕ್ಟ್ ಮುಗಿಯಲು ಎರಡು ತಿಂಗಳಿದೆ ಎನ್ನುವಾಗ ಫೈನಾನ್ಸ್ ಮ್ಯಾನೇಜರ್ ಅರ್ಬಾಬರ ಮುಂದೆ ಸೊನ್ನೆಗಳ ಡೈರಿ ಇಟ್ಟರು. ಅರ್ಬಾಬ್ ನನ್ನನ್ನು ಕರೆದು, "ಫೈನಾನ್ಸ್ ಮುದೀರ್ ಹೇಳೋದರಲ್ಲೂ ನ್ಯಾಯ ಇದೆ. ನೀನು ಒಂದು ರಿಪೋರ್ಟ್ ಬರೆದುಕೊಡು" ಎಂದರು. ರಿನ್ಯೂ ಆಗದಿದ್ದರೆ ಲಂಬೂ, ಅವನ ಹೆಂಡತಿ, ಮಗಳು ಮೂವರೂ ಊರಿಗೆ ಹೊರಡಬೇಕು.

ನಮ್ಮಲ್ಲಿದ್ದದ್ದು ಒಂದೇ ಫಾರಂ. ಬಕೆಟ್ ತಯಾರಿಸುವವರಿಗಾಗಿ ಮಾಡಿದ್ದು. ತಿಂಗಳಿಗೆ ತಯಾರಿಸಿದ್ದು ಎಷ್ಟು, ಅದರಲ್ಲಿ ಒಡೆದದ್ದು ಎಷ್ಟು, ಹಿಡಿಕೆ ಸರಿಯಿಲ್ಲದ್ದು ಎಷ್ಟು. ತಯಾರಿಸಿದ್ದು ಎಂಬಲ್ಲಿ ಸೊನ್ನೆ ಬರೆದೆ. ಒಡೆದದ್ದು ಎಂಬಲ್ಲೂ ಸೊನ್ನೆ ಬಂತು. ಅಷ್ಟೇ ಸ್ವಲ್ಪ ಸಮಾಧಾನ. ತಡೆದದ್ದು ಎಷ್ಟು ಎಂಬ ಕಾಲಂ ಮಾತ್ರ ಎಲ್ಲೂ ಇರಲಿಲ್ಲ.

ಇಂಥದ್ದನ್ನು ಹೇಗೆ ಬರೆಯುತ್ತಾರೆಂದು ಕೇಳಲು ನಮ್ಮ ಸೇಫ್ಟಿ ಆಫೀಸರ ಹತ್ತಿರ ಹೋದೆ. ಅವರು ಉಡುಪಿಯ ಕಡೆಯವರು. ಆಗದೇ ಹೋದದ್ದರ ಮೇಲೆಯೇ ಬದುಕು ಕಟ್ಟಿಕೊಂಡ ಮನುಷ್ಯ. ಎಲ್ಲ ಕೇಳಿ ಅವರು ನಿಟ್ಟುಸಿರು ಬಿಟ್ಟರು.

"ನನ್ನ ಕತೆಯೂ ಅದೇ ಅಲ್ವಾ ಮಾರಾಯ್ರೆ. ಫ್ಯಾಕ್ಟರಿಗೆ ಬೆಂಕಿ ಬೀಳ್ದಿದ್ರೆ ಇವನೆಂತ ಮಾಡ್ತಾನೆ ಅಂತ ಕೇಳ್ತಾರೆ. ಬಿದ್ರೆ, ಇವನೆಂತ ಮಾಡ್ತಿದ್ದ ಅಂತ ಕೇಳ್ತಾರೆ."

ನನಗೆ ಬಹಳ ಖುಷಿಯಾಯಿತು. ಇದನ್ನೇ ಉದಾಹರಣೆಯಾಗಿ ರಿಪೋರ್ಟಿನಲ್ಲಿ ಬರೆಯುತ್ತೇನೆ ಎಂದೆ. ಅವರು ಗಾಬರಿಯಿಂದ ಎದ್ದು ಬಾಗಿಲು ಹಾಕಿ ಬಂದರು.

"ದಮ್ಮಯ್ಯ, ನನ್ನ ಹೆಸರು ಮಾತ್ರ ಬರೀಬೇಡಿ. ಆ ಬೆಂಗಳೂರಿನವರ ಕಣ್ಣು ಇನ್ನೂ ನನ್ನ ಮೇಲೆ ಬಿದ್ದಿಲ್ಲ."

೪. ಟೀಚರ್ ಬರೆದ ಚೀಟಿ

ಒಂದು ಶುಕ್ರವಾರ ಲಂಬೂ ನನ್ನನ್ನು ಮನೆಗೆ ಚಹಾಕ್ಕೆ ಕರೆದ. ನಾನು ರಿಪೋರ್ಟ್ ಬರೆಯುತ್ತಿರುವ ವಿಷಯ ಅವನಿಗೆ ಗೊತ್ತಿತ್ತು, ಆದರೆ ಆ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಅವನ ಹೆಂಡತಿ ಖಾರದ ಅವಲಕ್ಕಿ ತಂದಿಟ್ಟರು. ಅವರಿಗೂ ಗೊತ್ತಿತ್ತು, ಅವರೂ ಎತ್ತಲಿಲ್ಲ. ಕುರ್ಚಿಯ ಮೇಲೆ ಹೊಸ ಯೂನಿಫಾರಂ ಮಡಚಿ ಇಟ್ಟಿದ್ದರು. ಮಗಳು ಬರುವ ವರ್ಷ ಒಂದನೇ ಕ್ಲಾಸಿಗೆ ಹೋಗಬೇಕು, ಸ್ವಲ್ಪ ದೊಡ್ಡದೇ ತೆಗೆದುಕೊಂಡಿದ್ದೇವೆ, ಎರಡು ವರ್ಷ ಬರುತ್ತದೆ ಎಂದರು. ಆ ಎರಡು ವರ್ಷ ನನ್ನ ಕೈಯಲ್ಲಿದೆ ಎಂದು ನೆನಪಾಗಿ ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ನನಗೆ ಬಹಳ ಸಂಕಟವಾಯಿತು.

ಮಾತು ಬದಲಿಸಲು ಮಗುವನ್ನು ಕೇಳಿದೆ: "ಶಾಲೆಯಲ್ಲಿ ಎಂತ ಕಲಿಸ್ತಾರೆ ಪುಟ್ಟಿ?"

"ನಥಿಂಗ್ ಅಂಕಲ್" ಎಂದಿತು ಮಗು.

"ಕಲಿಯೋದಿರ್ಲಿ ಅಣ್ಣ, ಇದನ್ನ ನೋಡಿ" ಎಂದು ತಾಯಿ ಶಾಲೆಯ ಡೈರಿ ತಂದುಕೊಟ್ಟರು. ಅದರಲ್ಲಿ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದರು. ಊಟದ ಗಂಟೆ ಹೊಡೆದಾಗ ನಿಮ್ಮ ಮಗಳು ಒಬ್ಬ ಹುಡುಗನ ಎದುರು ಕೈ ಚಾಚಿ ನಿಂತು ಅವನನ್ನು ಬಾಗಿಲು ದಾಟಲು ಬಿಡುವುದಿಲ್ಲ, ಮೂರು ದಿನದಿಂದ ಅವನು ಊಟಕ್ಕೆ ತಡವಾಗಿ ಹೋಗುತ್ತಿದ್ದಾನೆ, ದಯವಿಟ್ಟು ತಂದೆ ಬಂದು ಕಾಣಬೇಕು.

ನಾನು ಲಂಬೂವಿನ ಮುಖ ನೋಡಿದೆ. ಅವನು ಬಹಳ ಗಂಭೀರವಾಗಿ ಹೇಳಿದ: "ಕಾಲು ಇನ್ನೂ ಸ್ವಲ್ಪ ಅಗಲ ಇಡ್ಬೇಕು ಸಾ ಇವ್ಳು. ಹೇಳ್ಕೊಟ್ಟಿವ್ನಿ."

೫. ಪರೀಕ್ಷೆ

ನಾನು ರಿಪೋರ್ಟನ್ನು ಆದಷ್ಟು ಚೆನ್ನಾಗಿಯೇ ಬರೆದೆ. ಫೈನಾನ್ಸ್ ಮ್ಯಾನೇಜರ್ ಅದನ್ನು ಓದಿ, ಬಾಯಿಮಾತು ಯಾಕೆ, ಒಂದು ಪಂದ್ಯದಲ್ಲಿ ಅವನನ್ನು ಹೊರಗೆ ಕೂರಿಸಿ ನೋಡಿಬಿಡೋಣ ಎಂದರು. ಅರ್ಬಾಬ್ ಒಪ್ಪಿದರು. ಘಾಲಾದವರ ಎದುರಿನ ಪಂದ್ಯವೇ ನಿಗದಿಯಾಯಿತು.

ಲಂಬೂ ಬೆಂಚಿನ ಮೇಲೆ ಕೂತ. ನಾವು ಇಪ್ಪತ್ತೆರಡು ಪಾಯಿಂಟಿನಿಂದ ಗೆದ್ದೆವು. ಅಷ್ಟು ದೊಡ್ಡ ಗೆಲುವನ್ನು ನಮ್ಮ ಟೀಮ್ ಕಂಡದ್ದೇ ಇಲ್ಲ. ಅರ್ಬಾಬ್ ತಮ್ಮ ಕಣ್ಣನ್ನೇ ನಂಬದೆ ಸ್ಕೋರ್ ಬೋರ್ಡಿನ ಹತ್ತಿರ ಹೋಗಿ ನೋಡಿ ಬಂದರು. ಆಮೇಲೆ ನನ್ನ ಕಡೆ ತಿರುಗಿ, "ಖಲಾಸ್. ಕಾಗದ ತಯಾರು ಮಾಡು" ಎಂದರು.

ಬೆಂಚಿನ ಹತ್ತಿರ ಹೋಗಿ ಲಂಬೂವಿಗೆ ವಿಷಯ ಹೇಳಿದೆ. ಅವನು ಶೂ ಬಿಚ್ಚುತ್ತಿದ್ದ.

"ಆ ಫಿಲಿಪೀನ್ಸಿನೋನು ಇವತ್ತು ಬಂದೇ ಇರ್ಲಿಲ್ಲ ಸಾ. ರಜಕ್ಕೆ ಊರಿಗೆ ಹೋಗವ್ನೆ" ಎಂದ, ಮೆಲ್ಲಗೆ.

ಬೆಂಚಿನ ಮೇಲಿದ್ದ ಲಂಬೂವನ್ನೇ ನೋಡುತ್ತ ಕೂತಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ! ಓಡಿಹೋಗಿ ಫೈನಾನ್ಸ್ ಮ್ಯಾನೇಜರಿಗೆ ಹೇಳಿದೆ. "ಅವನು ರಜಕ್ಕೆ ಹೋದರೆ ನಾವೇನ್ರೀ ಮಾಡೋಣ? ಪರೀಕ್ಷೆ ಅಂದ್ಮೇಲೆ ಪರೀಕ್ಷೆ" ಎಂದರು. ಅರ್ಬಾಬರಿಗೇ ಹೇಳಬೇಕಿತ್ತು, ಆದರೆ ಖಲಾಸ್ ಎಂದ ಮೇಲೆ ಮಾತು ಮುಂದುವರಿಸುವ ಧೈರ್ಯ ನನಗೆ ಬರಲಿಲ್ಲ. ನನ್ನ ಹೇಡಿತನದ ಬಗ್ಗೆ ಇವತ್ತಿಗೂ ನಾಚಿಕೆ ಇದೆ. ಶನಿವಾರ ಬೆಳಿಗ್ಗೆ, ರಿನ್ಯೂ ಇಲ್ಲ ಎಂಬ ಕಾಗದವನ್ನು ನಾನೇ ಟೈಪ್ ಮಾಡಿ ಅವನ ಕೈಗೆ ಕೊಟ್ಟೆ. ಅವನು ಓದದೆ ಮಡಚಿ ಜೇಬಿಗೆ ಹಾಕಿಕೊಂಡು, "ನೀವೇನ್ ಮಾಡೀರಿ ಬುಡಿ ಸಾ" ಎಂದ.

ಅದೇ ದಿನ ಫೈನಾನ್ಸ್ ಮ್ಯಾನೇಜರ್ ತಮ್ಮ ಸರ್ವೀಸಿನಲ್ಲೇ ಮೊದಲ ಸಲ ಆಫೀಸಿಗೆಲ್ಲ ಚಹಾ, ಸಮೋಸಾ ಹಂಚಿದರು. ಅದರ ಬಿಲ್ಲು ನನ್ನ ವಿಭಾಗಕ್ಕೆ ಬಂತು.

೬. ಬಿಟ್ಟುಕೊಡುವ ಕಾಗದ

ಹದಿನೈದು ದಿನದ ಮೇಲೆ ಘಾಲಾದ ಕಂಪನಿಯಿಂದ ಅವರ ಪರ್ಸನೆಲ್ ಆಫೀಸರು ನಮ್ಮಲ್ಲಿಗೆ ಬಂದರು. ಜೊತೆಗೆ, ರಜೆ ಮುಗಿಸಿ ಬಂದಿದ್ದ ಆ ಫಿಲಿಪೀನ್ಸಿನವನು. ಲಂಬೂವನ್ನು ತಾವು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ, ಬಿಟ್ಟುಕೊಡುವ ಕಾಗದ ಬೇಕು ಎಂದರು. ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಆ ಕಾಗದಕ್ಕೆ ಸಹಿ ಹಾಕದಿದ್ದರೆ ಇನ್ನೊಂದು ಕಂಪನಿಗೆ ಸೇರುವಂತಿಲ್ಲ. ನಾನು ಅವರನ್ನು ಅರ್ಬಾಬರ ಕೋಣೆಗೆ ಕರೆದುಕೊಂಡು ಹೋದೆ. ಫೈನಾನ್ಸ್ ಮ್ಯಾನೇಜರ್ ಅಲ್ಲೇ ಇದ್ದರು. ಲಂಬೂವನ್ನೂ ಕರೆಸಿದೆವು. ಅವನು ಒಳಗೆ ಬಂದ ಕೂಡಲೇ ಫಿಲಿಪೀನ್ಸಿನವನು ಎದ್ದು ಕುರ್ಚಿಯ ಹಿಂದೆ ಹೋಗಿ ನಿಂತ.

ಅರ್ಬಾಬ್ ಘಾಲಾದವರು ತಂದ ಕಾಗದ ಓದಿದರು. ಹುದ್ದೆ ಸ್ಟೋರ್‌ಕೀಪರ್. ಸಂಬಳ ನಾನೂರೈವತ್ತು. ಅರ್ಬಾಬರ ಮುಖ ಬಿಗಿಯಿತು.

"ನಿಮ್ಮ ಟೀಮಿನಲ್ಲಿ ಇವನನ್ನು ಎಲ್ಲಿ ಆಡಿಸುತ್ತೀರಿ?"

"ಆಡಿಸೋದಿಲ್ಲ" ಎಂದರು ಆ ಆಫೀಸರು. ಅರ್ಬಾಬರಿಗೆ ಅರ್ಥವಾಗಲಿಲ್ಲ. ಆಫೀಸರು ಸಂಕೋಚದಿಂದ ಬಿಡಿಸಿ ಹೇಳಿದರು. "ಸ್ಟೋರಲ್ಲಿ ಕೂತಿದ್ದರೆ ಸಾಕು. ನಮ್ಮ ಈ ಹುಡುಗ ಹಟ ಹಿಡಿದಿದ್ದಾನೆ. ಇನ್ನೊಂದು ವರ್ಷ ಇವರ ಎದುರು ಆಡಬೇಕು ಅಂದ್ರೆ ರಾಜೀನಾಮೆ ಕೊಟ್ಟು ಊರಿಗೆ ಹೋಗ್ತೇನೆ ಅಂತಾನೆ. ಇವರು ಇಲ್ಲಿ ಬಿಟ್ಟು ಇನ್ಯಾವುದೋ ಟೀಮಿಗೆ ಸೇರಿದ್ರೂ ಅದೇ ಗತಿ. ಅದಕ್ಕೇ ನಾವೇ ಇಟ್ಕೊಳ್ಳೋಣ ಅಂತ."

ಫಿಲಿಪೀನ್ಸಿನವನು ಕುರ್ಚಿಯ ಹಿಂದಿನಿಂದ ಹೌದು ಹೌದು ಎಂದು ತಲೆಯಾಡಿಸಿದ. ಅರ್ಬಾಬ್ ನನ್ನನ್ನು ದುರುಗುಟ್ಟಿ ನೋಡಿದರು. ಆಗ ನಾನು ಬಾಯಿ ಬಿಟ್ಟೆ. ಪರೀಕ್ಷೆಯ ದಿನ ಆ ಫಿಲಿಪೀನ್ಸಿನವನು ರಜೆಯಲ್ಲಿದ್ದ ಸಂಗತಿಯನ್ನು ಒಂದೇ ಉಸಿರಿನಲ್ಲಿ ಒದರಿದೆ. ಹದಿನೈದು ದಿನದಿಂದ ಎದೆಯ ಮೇಲಿದ್ದ ಭಾರ ಇಳಿಯಿತು.

ಅರ್ಬಾಬ್ ಲಂಬೂವನ್ನು ಕೇಳಿದರು: "ಅಲ್ಲಿ ಐವತ್ತು ಜಾಸ್ತಿ. ನೀನು ಏನು ಹೇಳುತ್ತೀಯಾ?"

ಲಂಬೂ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದ. "ಕಾಂಟ್ರಾಕ್ಟ್ ಬೇಕು ಸಾ, ಹೆಂಡ್ತಿ ಮಗಳು ಅವ್ರೆ. ಆದ್ರೆ ಆಡ್ಬೇಡ, ಸುಮ್ನೆ ಕೂತ್ಕೊಂಡು ಸಂಬಳ ತಗೋ ಅಂದ್ರೆ ನಂಗಾಗಕಿಲ್ಲ. ಇಲ್ಲೇ ಇಟ್ಕೊಳಿ ಅಂತ ಕೇಳಿ ಸಾ."

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಅರ್ಬಾಬ್ ಫೈನಾನ್ಸ್ ಮ್ಯಾನೇಜರ ಮುಖ ನೋಡಿದರು. ಅವರು ಹಟ ಬಿಡುವವರ ಹಾಗೆ ಕಾಣಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಫಿಲಿಪೀನ್ಸಿನವನ ಕಡೆ ಬೆರಳು ತೋರಿಸಿ, ಘಾಲಾದ ಆಫೀಸರನ್ನು ಕೇಳಿದರು.

"ಈ ಮೆಕ್ಯಾನಿಕ್‌ಗೆ ನೀವು ಎಷ್ಟು ಕೊಡ್ತೀರಿ?"

"ಆರುನೂರು."

"ಆಟದ ಸಲುವಾಗಿ?"

"ಆಟದ ಸಲುವಾಗಿಯೇ."

ಫೈನಾನ್ಸ್ ಮ್ಯಾನೇಜರ್ ಸ್ವಲ್ಪ ಹೊತ್ತು ಚಾವಣಿ ನೋಡಿದರು. ಎರಡು ವರ್ಷದಲ್ಲಿ ಅವರ ಮುಖದಲ್ಲಿ ನಾನು ಕಾಣದಿದ್ದ ಒಂದು ಶಾಂತಿ ಮೂಡಿತು. ಮೆಲ್ಲಗೆ ಅರ್ಬಾಬರ ಕಿವಿಯ ಹತ್ತಿರ ಬಗ್ಗಿದರು.

"ಸರ್, ನಾವು ತಿಂಗಳಿಗೆ ನಾನೂರು ಕೊಟ್ಟು ಅವರ ಆರುನೂರನ್ನ ಹಾಳು ಮಾಡ್ತಾ ಇದ್ದೀವಿ. ಇಂಥವರು ಮಂಡ್ಯದಲ್ಲಿ ಇನ್ನಿಬ್ಬರು ಸಿಗ್ತಾರಾ ಕೇಳಿ."